ಮೊದಲು ಹಿಡಿತ, ಆಮೇಲೆ ಕೊಯ್ತ

ಕೊಯ್ಯುವ ಕೆಲಸ ಯಾವುದೇ ಇರಲಿ, ಅದಕ್ಕೆ ಎರಡು ಅಂಗಗಳುಂಟು. ಒಂದು, ಕೊಯ್ಯುವುದು; ಇನ್ನೊಂದು, ಕೊಯ್ಯಬೇಕಾದ ವಸ್ತು ಅಲುಗದಂತೆ ಹಿಡಿಯುವುದು. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದನ್ನು ಗಮನಿಸುವವರು ಕಡಿಮೆ. ನಮ್ಮ ತಾಯಂದಿರು ಈಳಿಗೆಮಣೆಯ ಮುಂದೆ ಕುಳಿತಾಗ ಮಣೆಯ ಮೇಲೆ ಪಾದವನ್ನು ಊರಿಯೇ ಕಾಯಿಪಲ್ಲೆಗೆ ಕೈ ಹಾಕುತ್ತಾರೆ. ಶಾವಿಗೆ ಹೊಸೆಯುವವರು ಮಣೆಯ ಮೇಲೆ ತಾವೇ ಕುಳಿತು ಅದನ್ನು ಅದುಮುತ್ತಾರೆ. ಅಕ್ಕಸಾಲಿಗರು ಆಭರಣವನ್ನು ಅರಗಿನಲ್ಲಿ ಕೂರಿಸಿ, ಅದು ಗಟ್ಟಿಯಾದ ಮೇಲೆಯೇ ಉಳಿಯನ್ನು ಮುಟ್ಟುತ್ತಾರೆ. ಬಡಗಿಯು ಹಲಗೆಗೆ ಬೆಣೆ ಹೊಡೆದು ನಿಲ್ಲಿಸಿಕೊಂಡ ಮೇಲೆಯೇ ಗರಗಸವನ್ನು ಎಳೆಯುತ್ತಾನೆ. ಇವರಾರೂ ಹಿಡಿತದ ಶಾಸ್ತ್ರವನ್ನು ಓದಿದವರಲ್ಲ. ಆದರೂ ಹಿಡಿತವಿಲ್ಲದೆ ಕೊಯ್ತವಿಲ್ಲವೆಂಬುದನ್ನು ಅವರ ಕೈ ಬಲ್ಲದು.

ಈ ತಿಂಗಳು ನಾವು ಇದನ್ನು ಎತ್ತಿಕೊಳ್ಳಲು ಕಾರಣವಿದೆ. ಕೆಲಕಾಲದಿಂದ ಅನೇಕ ಮನೆಗಳ ಹಿರಿಯರು ನಮ್ಮನ್ನು ಒಂದೇ ಬಗೆಯ ಪ್ರಶ್ನೆ ಕೇಳುತ್ತಿದ್ದಾರೆ. ಮನೆಯಲ್ಲಿ ಓದಿ ಕುಳಿತ ಮಗನೋ, ಸಂಸಾರದೊಡನೆ ಏನಾದರೂ ಸಂಪಾದನೆ ಮಾಡಬೇಕೆನ್ನುವ ಸೊಸೆಯೋ ಲೇಸರ್ ಕಿರಣದಿಂದ ಮರ ಕತ್ತರಿಸುವ ಪುಟ್ಟ ಯಂತ್ರವನ್ನು ಕೊಡಿಸಿರೆಂದು ಕೇಳುತ್ತಾರೆ. ಕೊಡಿಸಬಹುದೇ, ಅದರಿಂದ ಅನ್ನ ಹುಟ್ಟೀತೇ, ಅಪಾಯವೇನಾದರೂ ಉಂಟೇ ಎಂಬುದು ಆ ಹಿರಿಯರ ಚಿಂತೆ. ಹೌದು ಅಥವಾ ಇಲ್ಲ ಎಂಬ ಒಂದು ಮಾತಿನಲ್ಲಿ ಇದಕ್ಕೆ ಉತ್ತರ ಹೇಳಲಾಗದು. ಆದ್ದರಿಂದ ದಾವಣಗೆರೆಯ ಒಂದು ಮನೆಯಲ್ಲಿಯೂ ಹರಿಹರದ ಒಂದು ಮನೆಯಲ್ಲಿಯೂ ನಾವು ಕಣ್ಣಾರೆ ಕಂಡುದನ್ನು ಇಲ್ಲಿ ಬರೆಯುತ್ತಿದ್ದೇವೆ. ಆ ಮನೆಯವರ ಇಚ್ಛೆಯಂತೆ ಹೆಸರುಗಳನ್ನು ಬಿಟ್ಟಿದ್ದೇವೆ.

ಯಂತ್ರದ ಪರಿಚಯ

ಮೊದಲು ಯಂತ್ರವೆಂದರೇನೆಂಬುದನ್ನು ಸಂಕ್ಷೇಪವಾಗಿ ತಿಳಿಯೋಣ. ಲೇಸರ್ ಎಂಬ ಬೆಳಕನ್ನು ಮೊಟ್ಟಮೊದಲು ಉಂಟುಮಾಡಿದವರು ಅಮೆರಿಕೆಯ ಥಿಯೋಡರ್ ಮೈಮನ್. ಅದು 1960ರ ಮೇ ತಿಂಗಳಲ್ಲಿ. ಇಂಗಾಲದ ಡೈಆಕ್ಸೈಡ್ ಅನಿಲದಿಂದ ಬಲವಾದ ಲೇಸರ್ ಕಿರಣವನ್ನು ಹೊರಡಿಸುವ ವಿಧಾನವನ್ನು 1964ರಲ್ಲಿ ಕಂಡುಹಿಡಿದವರು ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ ಎಂಬ ವಿಜ್ಞಾನಿ. ಇಂದು ದೊಡ್ಡ ಅಂಗಡಿಗಳಲ್ಲಿ ಅಕ್ರಿಲಿಕ್ ಮತ್ತು ಮರವನ್ನು ಕತ್ತರಿಸುವ ಯಂತ್ರಗಳಲ್ಲಿ ಹೆಚ್ಚಿನವು ಆ ಬಗೆಯವು. ಮನೆಗೆ ಬರುವ ಪುಟ್ಟ ಯಂತ್ರಗಳಲ್ಲಿ ಬಹುಮಟ್ಟಿಗೆ ಡಯೋಡ್ ಎಂಬ ಸಣ್ಣ ಘಟಕದಿಂದ ಹೊರಡುವ ನೀಲಿ ಕಿರಣವಿರುತ್ತದೆ.

ಬಿಸಿಲಿಗೆ ಭೂತಗನ್ನಡಿ ಹಿಡಿದು ಕಾಗದ ಸುಡುವ ಮಕ್ಕಳಾಟವನ್ನು ನೆನೆಯಿರಿ. ಗಾಜನ್ನು ಸರಿಯಾದ ಎತ್ತರದಲ್ಲಿ ಹಿಡಿದಾಗ ಬೆಳಕು ಒಂದು ಚುಕ್ಕೆಯಾಗಿ ಕೂಡುತ್ತದೆ. ಸ್ವಲ್ಪ ಮೇಲೆ ಕೆಳಗೆ ಆದರೆ ಚುಕ್ಕೆ ಹರಡಿ ಬಿಸಿ ಸಾಲದಾಗುತ್ತದೆ. ಲೇಸರ್ ಯಂತ್ರದ ಗುಟ್ಟೂ ಇದೇ. ಕಿರಣವು ಮರದ ಮೇಲೆ ಕೂದಲೆಳೆಯಂಥ ಚುಕ್ಕೆಯಾಗಿ ಕೂಡಿದಾಗ ಮರ ಸುಟ್ಟು ಸೀಳುತ್ತದೆ. ಹಲಗೆ ಎರಡು ಮೂರು ಮಿಲಿಮೀಟರ್ ಮೇಲೆದ್ದರೂ ಚುಕ್ಕೆ ದಪ್ಪವಾಗಿ, ಹಲಗೆ ಸೀಳದೆ ಬರಿದೆ ಕರಿಯಾಗುತ್ತದೆ. ಗರಗಸದಂತೆ ಇಲ್ಲಿ ಹಲಗೆಯನ್ನು ಯಾವುದೂ ಎಳೆಯುವುದಿಲ್ಲ, ತಳ್ಳುವುದಿಲ್ಲ. ಹಿಡಿತವೇಕೆ ಬೇಕೆಂದು ಹೊಸಬರು ಕೇಳುವುದುಂಟು. ಎಳೆಯುವುದಕ್ಕಲ್ಲ, ಏಳದಿರುವುದಕ್ಕೆ ಹಿಡಿತ ಬೇಕು. 3 ಮಿಲಿಮೀಟರ್ ದಪ್ಪದ ಪ್ಲೈವುಡ್ ಮಳೆಗಾಲದ ತೇವಕ್ಕೆ ಹಪ್ಪಳದಂತೆ ಬಾಗುತ್ತದೆ. ಅದನ್ನು ಸಮನಾಗಿ ಮಲಗಿಸದಿದ್ದರೆ ಅತ್ಯುತ್ತಮ ಯಂತ್ರವೂ ವ್ಯರ್ಥ.

ದಾವಣಗೆರೆಯ ಮನೆ

ದಾವಣಗೆರೆಯಲ್ಲಿ ನಾವು ಕಂಡ ಹೆಣ್ಣುಮಗಳು ವಾಣಿಜ್ಯ ಪದವೀಧರೆ. ಎರಡು ಮಕ್ಕಳ ತಾಯಿ. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು, ತವರಿನವರು ಕೊಟ್ಟಿದ್ದ ಅಷ್ಟಿಷ್ಟನ್ನು ಸೇರಿಸಿ ಯಂತ್ರವನ್ನು ಕೊಂಡಿದ್ದರು. ಬಾಗಿಲಿಗೆ ನಾಮಫಲಕ, ಮದುವೆಯ ಉಡುಗೊರೆಯ ಪೆಟ್ಟಿಗೆ, ಗೋಡೆಗೆ ತೂಗುಹಾಕುವ ಅಲಂಕಾರ, ಇಂಥವನ್ನು ಮಾಡಿ ಕೊಡುವ ಯೋಚನೆ. ಮೊದಲ ದಿನಗಳಲ್ಲಿ ಎಲ್ಲವೂ ಸೊಗಸಾಗಿಯೇ ನಡೆಯಿತು. ಅಂಗೈಯಗಲದ ತುಂಡುಗಳಲ್ಲಿ ಹೆಸರು ಕೊರೆದು ನೆಂಟರಿಷ್ಟರಿಗೆ ಕೊಟ್ಟರು. ಆಮೇಲೆ ಒಂದು ಗೃಹಪ್ರವೇಶಕ್ಕೆ ಬರುವ ಅತಿಥಿಗಳಿಗೆ ಕೊಡಲು 80 ಕೀಲಿಕೈ ಹಲಗೆಗಳನ್ನು ಮಾಡಿಕೊಡುವ ಕೆಲಸ ಒಪ್ಪಿಕೊಂಡರು. ತೊಂದರೆ ಶುರುವಾದದ್ದು ಅಲ್ಲಿ.

ದೊಡ್ಡ ಪ್ಲೈವುಡ್ ಹಾಳೆಯನ್ನು ಯಂತ್ರದ ಹಾಸಿನ ಮೇಲಿಟ್ಟರೆ ಅಂಚುಗಳು ಮೇಲೇಳುತ್ತಿದ್ದವು. ಮಧ್ಯದ ಹಲಗೆಗಳು ಸರಿಯಾಗಿ ತುಂಡಾದರೆ ಅಂಚಿನವು ಅರ್ಧಕ್ಕೇ ನಿಲ್ಲುತ್ತಿದ್ದವು. ಕಿರಣದ ಬಲವನ್ನು ಹೆಚ್ಚಿಸಿದರೆ ಮಧ್ಯದವು ಕರಕಲಾಗುತ್ತಿದ್ದವು. ಅಂಚಿನ ಮೇಲೆ ಒಳಕಲ್ಲಿನ ಗುಂಡು, ಇಸ್ತ್ರಿಪೆಟ್ಟಿಗೆ, ಅಡಿಗೆಮನೆಯ ತೂಕದ ಕಲ್ಲು ಎಲ್ಲವನ್ನೂ ಹೇರಿ ನೋಡಿದರು. ಒಂದು ದಿನ ಯಂತ್ರದ ತಲೆಯು ಅಂಥ ಒಂದು ತೂಕಕ್ಕೆ ತಾಗಿ ಹಾಳೆ ಜರುಗಿತು. ಕಿರಣವು ಒಂದೇ ಸ್ಥಳದಲ್ಲಿ ನಿಂತು ಸುಟ್ಟು, ಸಣ್ಣ ಜ್ವಾಲೆ ಎದ್ದಿತು. ಒದ್ದೆ ಬಟ್ಟೆ ಪಕ್ಕದಲ್ಲಿಯೇ ಇದ್ದುದರಿಂದ ಅನಾಹುತವೇನೂ ಆಗಲಿಲ್ಲ. ಆದರೆ ಮೊದಲ 30 ಹಲಗೆಗಳಲ್ಲಿ 14 ಹಾಳಾಗಿದ್ದವು. ಸಾಲದ ಕಂತು ಹತ್ತಿರ ಬಂದಿತ್ತು. ಮನೆಯಲ್ಲಿ ಯಂತ್ರವನ್ನು ಮಾರಿಬಿಡುವ ಮಾತು ಹುಟ್ಟಿತು. "ಯಂತ್ರ ಸರಿ ಇಲ್ಲ" ಎಂದು ಮನೆಯವರೆಲ್ಲರೂ ತೀರ್ಮಾನಿಸಿದ್ದರು.

ಆಗ ಆಕೆಯ ತಾಯಿ ಒಂದು ಮಾತು ಹೇಳಿದರಂತೆ: "ಹರಿಹರದ ದೊಡ್ಡಪ್ಪನ್ನ ಒಮ್ಮೆ ಕೇಳು. ಜೀವಮಾನ ಎಲ್ಲಾ ಮಿಷನ್ ಜೊತೇಲೇ ಕಳದೋರು."

ಹರಿಹರದ ವಿದ್ಯೆ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಒಂದು ಊರು ಹತ್ತಿಯ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡಿತು. ಇನ್ನೊಂದು ಊರು ತುಂಗಭದ್ರೆಯ ದಂಡೆಯ ಹರಿಹರೇಶ್ವರನ ಗುಡಿಗೆ ಹೆಸರಾದಂತೆಯೇ ಲೇತ್ ಯಂತ್ರಗಳಿಗೂ ಹೆಸರಾಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅದೇ ಮನೆತನದ ಉದ್ಯಮವಾಗಿ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಅಲ್ಲಿಯ ಲೇತ್‌ಗಳು ನಾಡಿನ ಮೂಲೆಮೂಲೆಯ ಕಾರ್ಯಾಗಾರಗಳಿಗೆ ಹೋದವು. ಇಂದಿಗೂ ಹಳೆಯ ಕಾರ್ಯಾಗಾರಗಳಲ್ಲಿ ಅವು ತಿರುಗುತ್ತಿರುವುದನ್ನು ಕಾಣಬಹುದು. ಕಾರ್ಖಾನೆಯ ಸುತ್ತಲಿನ ಬಡಾವಣೆಗೆ ಯಂತ್ರಪುರವೆಂದೇ ಹೆಸರು. ಈ ಶತಮಾನದ ಮೊದಲ ವರ್ಷಗಳಲ್ಲಿ ಆ ಕಾರ್ಖಾನೆಯ ಚಕ್ರಗಳು ನಿಂತವು. ಅದನ್ನೇ ನಂಬಿದ್ದ ಕುಟುಂಬಗಳು ಬೇರೆ ಬೇರೆ ದಾರಿ ಹಿಡಿದವು. ಯಂತ್ರಗಳು ಹರಾಜಾಗಬಹುದು, ಕಟ್ಟಡಗಳು ಬೀಳಬಹುದು; ಆದರೆ ಅಲ್ಲಿ ದುಡಿದವರ ಕೈಯಲ್ಲಿದ್ದ ವಿದ್ಯೆ ಅವರೊಡನೆ ಮನೆಗೆ ಬಂದಿತು. ಅದನ್ನು ಕೇಳುವವರು ಮಾತ್ರ ಬರಲಿಲ್ಲ.

ಈ ದೊಡ್ಡಪ್ಪನವರು ಅಲ್ಲಿ ಜಿಗ್ ಮತ್ತು ಫಿಕ್ಸ್ಚರ್ ಎಂಬ ಹಿಡಿಕೆಗಳನ್ನು ತಯಾರಿಸುವ ವಿಭಾಗದಲ್ಲಿ ದುಡಿದವರು. ಕಬ್ಬಿಣದ ಎರಕದ ತುಂಡನ್ನು ಯಂತ್ರದಲ್ಲಿ ಕೊರೆಯುವಾಗ ಅದು ಪ್ರತಿಸಲವೂ ಒಂದೇ ಸ್ಥಾನದಲ್ಲಿ, ಒಂದೇ ಬಿಗಿಯಲ್ಲಿ ಕೂರುವಂತೆ ಮಾಡುವುದೇ ಆ ವಿಭಾಗದ ಕೆಲಸ. ಈಗ ಅವರಿಗೆ ಎಪ್ಪತ್ತು ದಾಟಿದೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಲೇಸರ್ ಯಂತ್ರವನ್ನು ಅವರು ಅದುವರೆಗೆ ಕಂಡಿರಲಿಲ್ಲ. ಬಂದು ಕುಳಿತು, ಒಂದು ಹಲಗೆ ಕತ್ತರಿಸುವುದನ್ನು ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರಂತೆ. ಆಮೇಲೆ ಹೇಳಿದ ಮಾತನ್ನು ಆ ಹೆಣ್ಣುಮಗಳು ನಮಗೆ ಹಾಗೆಯೇ ಒಪ್ಪಿಸಿದರು: "ಮಿಷನ್ ಚೊಲೋ ಐತವ್ವ. ನೀನು ಕೊಯ್ಯೋದು ಕಲ್ತೀಯ, ಹಿಡಿಯೋದು ಕಲ್ತಿಲ್ಲ. ಅದು ಮೊದ್ಲು ಕಲೀಬೇಕಾಗಿತ್ತು."

ಆರು ಬಿಂದುಗಳ ಪಾಠ

ಅವರು ಮೊದಲು ಕಲಿಸಿದ್ದು ಹಿಡಿಕೆಯನ್ನಲ್ಲ, ಹಿಡಿತದ ತತ್ತ್ವವನ್ನು. ಯಾವುದೇ ವಸ್ತು ಆರು ಬಗೆಯಲ್ಲಿ ಅಲುಗಬಲ್ಲದು: ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಎಂಬ ಮೂರು ಸರಿತಗಳು, ಈ ಮೂರು ದಿಕ್ಕುಗಳ ಸುತ್ತ ಮೂರು ತಿರುವುಗಳು. ಅದನ್ನು ನಿಲ್ಲಿಸಲು ಕೆಳಗೆ ಮೂರು, ಉದ್ದನೆಯ ಬದಿಗೆ ಎರಡು, ಗಿಡ್ಡ ಬದಿಗೆ ಒಂದು, ಹೀಗೆ ಆರು ಬಿಂದುಗಳ ಆಧಾರ ಸಾಕು. ಕಾರ್ಖಾನೆಯ ಭಾಷೆಯಲ್ಲಿ ಇದನ್ನು ಮೂರು-ಎರಡು-ಒಂದು ಎಂದು ಕರೆಯುತ್ತಾರೆ. ಕೆಳಗೆ ಮೂರೇ ಏಕೆಂದರೆ, ಮೂರು ಕಲ್ಲಿನ ಒಲೆಯ ಮೇಲೆ ಗಡಿಗೆ ಎಂದೂ ಅಲ್ಲಾಡುವುದಿಲ್ಲ. ನಾಲ್ಕು ಕಾಲಿನ ಮಂಚ ನೆಲ ಸಮವಿಲ್ಲದಲ್ಲಿ ಒಂದು ಕಾಲನ್ನು ಎತ್ತಿಕೊಂಡೇ ಇರುತ್ತದೆ. ಬದಿಗೆ ಎರಡು ಗೂಟ ಕೊಟ್ಟರೆ ಹಲಗೆ ಆ ಕಡೆಗೆ ಜರುಗದು, ತಿರುಗದು. ತುದಿಗೆ ಒಂದು ಗೂಟ ಕೊಟ್ಟರೆ ಉದ್ದಕ್ಕೆ ಸರಿಯದು. ಅನಂತರ ಎದುರಿನ ಬದಿಗಳಿಂದ ಒತ್ತಿ ಹಿಡಿದರೆ ಆಯಿತು.

ಆದರೆ ತೆಳುವಾದ ಹಾಳೆಗೂ ದಪ್ಪ ಎರಕಕ್ಕೂ ಭೇದವಿದೆ ಎಂಬುದನ್ನೂ ಅವರು ಒತ್ತಿ ಹೇಳಿದರು. ಎರಕವು ಬಾಗುವುದಿಲ್ಲ, ಅದಕ್ಕೆ ಕೆಳಗೆ ಮೂರು ಬಿಂದು ಸಾಕು. ಪ್ಲೈವುಡ್ ಹಾಳೆ ಬಾಗುತ್ತದೆ; ಅದಕ್ಕೆ ಕೆಳಗೆಲ್ಲ ಸಮನಾದ ಹಾಸು ಬೇಕು. ಆ ಹಾಸಿನ ಕೆಲಸವನ್ನು ಯಂತ್ರದ ಕೆಳಗಿರುವ ಜೇನುಗೂಡಿನಂಥ ಲೋಹದ ತಟ್ಟೆ ಮಾಡುತ್ತದೆ. ಅದರ ಆರು ಮೂಲೆಯ ರಂಧ್ರಗಳಿಂದ ಹೊಗೆಯೂ ಕೆಳಗಿಳಿಯುತ್ತದೆ. ಹೀಗಾಗಿ ಉಳಿಯುವುದು ಎರಡು ಕೆಲಸ: ಬದಿಗೆ ನಿಲ್ಲುವ ಗೂಟಗಳು, ಅಂಚನ್ನು ಕೆಳಕ್ಕೆ ಅದುಮುವ ಗೂಟಗಳು. ಇವೆರಡನ್ನೂ ಅದೇ ಯಂತ್ರದಲ್ಲಿಯೇ, ಹಾಳಾಗಿ ಬಿದ್ದಿದ್ದ ಪ್ಲೈವುಡ್ ಚೂರುಗಳಿಂದಲೇ ಮಾಡಿಕೊಳ್ಳಬಹುದೆಂದು ತಿಳಿದಾಗ ಆ ಹೆಣ್ಣುಮಗಳಿಗೆ ಅರ್ಧ ಧೈರ್ಯ ಬಂದಿತು.

ಅಳತೆಯಿಂದ ಆರಂಭ

ಅದುಮುವ ಗೂಟದ ಆಕಾರ ಸರಳ. ಅದು ಕನ್ನಡದ 7 ಅಂಕಿಯಂತಲ್ಲ, ಗಡಿಯಾರದಲ್ಲಿ ಕಾಣುವ 7 ಅಂಕಿಯಂತೆ. ಕೆಳಗಿನ ಕಾಲು ಜೇನುಗೂಡಿನ ರಂಧ್ರದೊಳಗೆ ಬಿಗಿಯಾಗಿ ಇಳಿಯುತ್ತದೆ. ಮೇಲಿನ ಮೂಗು ಹಾಳೆಯ ಅಂಚಿನ ಮೇಲೆ ಕೂತು ಅದನ್ನು ಅದುಮುತ್ತದೆ. ಕಾಲು ಸಡಿಲವಾದರೆ ಗೂಟ ಮೇಲೇಳುತ್ತದೆ, ಅತಿ ಬಿಗಿಯಾದರೆ ತಟ್ಟೆಯ ತೆಳು ಗೋಡೆ ಸೊಟ್ಟಗಾಗುತ್ತದೆ. ಆದ್ದರಿಂದ ಎಲ್ಲವೂ ಅಳತೆಯಲ್ಲಿದೆ.

ದೊಡ್ಡಪ್ಪನವರು ಉಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದ ತಮ್ಮ ಹಳೆಯ ವರ್ನಿಯರ್ ಕ್ಯಾಲಿಪರನ್ನು ತೆಗೆದು ಅವಳ ಕೈಗೆ ಕೊಟ್ಟರು. ತಟ್ಟೆಯ ಹತ್ತು ಕಡೆಗಳಲ್ಲಿ ರಂಧ್ರವನ್ನು ಅಳೆಯಿಸಿದರು. ಎಲ್ಲವೂ 8 ಮಿಲಿಮೀಟರ್ ಎಂದು ಅವಳು ಭಾವಿಸಿದ್ದರೆ, ಒಂದೆಡೆ 7.8, ಇನ್ನೊಂದೆಡೆ 8.3 ಬಂದಿತು. ಜೇನುಗೂಡಿನ ತಟ್ಟೆಗಳು ಲೋಹದ ಪಟ್ಟಿಗಳನ್ನು ಹಿಗ್ಗಿಸಿ ಮಾಡಿದವಾದ್ದರಿಂದ ಹೀಗಾಗುವುದು ಸಹಜ. ಒಂದೇ ಅಳತೆಯ ಗೂಟ ಎಲ್ಲ ರಂಧ್ರಗಳಿಗೂ ಹೊಂದುವುದಿಲ್ಲವೆಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಇನ್ನೊಂದು ಅಳತೆ ಕೊಯ್ತದ ಅಗಲದ್ದು. ಗರಗಸವು ತನ್ನ ದಪ್ಪದಷ್ಟು ಮರವನ್ನು ಪುಡಿ ಮಾಡುವಂತೆ ಕಿರಣವೂ ತನ್ನ ಅಗಲದಷ್ಟು ಮರವನ್ನು ಸುಟ್ಟುಬಿಡುತ್ತದೆ. ಇದನ್ನು ಅಳೆಯುವ ಉಪಾಯ ಇಷ್ಟೇ: 20 ಮಿಲಿಮೀಟರ್ ಚೌಕದ ಹತ್ತು ತುಂಡುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ, ಸಾಲಾಗಿ ಒತ್ತಿ ಜೋಡಿಸಿ, ಒಟ್ಟು ಉದ್ದವನ್ನು ಅಳೆಯುವುದು. 200 ಬರಬೇಕಾದದ್ದು ಅವಳಿಗೆ 198.4 ಬಂದಿತು. ಕಡಿಮೆಯಾದ 1.6 ಮಿಲಿಮೀಟರನ್ನು ಹತ್ತರಿಂದ ಭಾಗಿಸಿದರೆ 0.16. ಅವಳ ಯಂತ್ರ, ಅವಳ ಪ್ಲೈವುಡ್, ಅವಳು ಇಟ್ಟ ವೇಗ ಇವುಗಳಿಗೆ ಕೊಯ್ತದ ಅಗಲ ಅಷ್ಟು. ಬೇರೆಯವರ ಯಂತ್ರಕ್ಕೆ ಬೇರೆ ಬಂದೀತು. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಎರವಲು ಪಡೆಯಬಾರದು. ಚಿತ್ರದಲ್ಲಿ 8 ಮಿಲಿಮೀಟರ್ ಎಂದು ಬರೆದರೆ ಕೈಗೆ ಬರುವ ಗೂಟ 7.84. ಆದ್ದರಿಂದ ಬರೆಯುವಾಗಲೇ ಆ ಕೊರತೆಯನ್ನು ಸೇರಿಸಬೇಕು.

ಅನಂತರ 7.8ರಿಂದ 8.4ರವರೆಗೆ 0.2ರ ಅಂತರದಲ್ಲಿ ನಾಲ್ಕು ಬಗೆಯ ಗೂಟಗಳನ್ನು ಕತ್ತರಿಸಿ, ಪ್ರತಿಯೊಂದರ ತಲೆಯ ಮೇಲೆ ಅದರ ಅಳತೆಯನ್ನೂ ಕೊರೆದಳು. ಒಂದೊಂದನ್ನೂ ರಂಧ್ರಗಳಲ್ಲಿ ಇಳಿಸಿ ನೋಡಿದಳು. ಆಗ ದೊಡ್ಡಪ್ಪನವರು ಮತ್ತೊಂದು ಉಪಾಯ ಹೇಳಿದರು: ಗೂಟದ ಕಾಲಿನ ನಡುವೆ ಕೆಳಗಿನಿಂದ ಒಂದು ಸೀಳನ್ನು ಬಿಡು, ಬಟ್ಟೆ ಒಣಹಾಕುವ ಚಿಮಟಿಯ ಹಾಗೆ ಎರಡು ಕಾಲಾಗಲಿ. ಹಾಗೆ ಮಾಡಿದ ಮೇಲೆ ಕಾಲು ಸ್ವಲ್ಪ ಕುಗ್ಗಿ ಒಳಗಿಳಿದು, ಒಳಗೆ ಹಿಗ್ಗಿ ಗೋಡೆಯನ್ನು ಹಿಡಿಯಿತು. ನಾಲ್ಕು ಅಳತೆಗಳ ಬದಲು ಎರಡೇ ಸಾಕಾದವು.

ಮೊದಲ ಗೂಟಗಳು ಒಂದೆರಡು ದಿನಕ್ಕೇ ಮುರಿದವು. ಕಾರಣ, ಪ್ಲೈವುಡ್‌ನ ಮೇಲ್ಪದರದ ಎಳೆ ಕಾಲಿಗೆ ಅಡ್ಡವಾಗಿ ಹಾದುಹೋಗಿತ್ತು. ಎಳೆಯು ಕಾಲಿನ ಉದ್ದಕ್ಕೆ ಬರುವಂತೆ ಗೂಟವನ್ನು ತಿರುಗಿಸಿ ಕತ್ತರಿಸಿದಾಗ ಅವು ಬಾಳಿಕೆ ಬಂದವು. ಬಡಗಿಯ ಮನೆಯಲ್ಲಿ ಹುಟ್ಟಿದ ಮಗುವಿಗೆ ಇದು ಹೇಳಬೇಕಾದ ಮಾತಲ್ಲ. ಹೊಸದಾಗಿ ಕಲಿಯುವವರಿಗೆ ಮುರಿದ ಗೂಟವೇ ಗುರು.

ನಾಲ್ಕು ಸೂಕ್ಷ್ಮಗಳು

ಗೂಟಗಳನ್ನು ಮಾಡುವಾಗಲೂ ಬಳಸುವಾಗಲೂ ಆ ಮನೆಯಲ್ಲಿ ಕಂಡುಕೊಂಡ ನಾಲ್ಕು ಸೂಕ್ಷ್ಮಗಳನ್ನು ಓದುಗರ ಅನುಕೂಲಕ್ಕಾಗಿ ಇಲ್ಲಿ ಕೊಡುತ್ತೇವೆ.

ಮೊದಲನೆಯದು ಎತ್ತರ. ಯಂತ್ರದ ತಲೆಗೂ ಹಲಗೆಗೂ ನಡುವೆ ಇರುವ ಸಂದು ಕೆಲವೇ ಮಿಲಿಮೀಟರ್. ಗೂಟದ ತಲೆ ಅದಕ್ಕಿಂತ ಎತ್ತರವಾದರೆ ಯಂತ್ರದ ತಲೆ ಅದಕ್ಕೆ ಬಡಿಯುತ್ತದೆ. ಇಸ್ತ್ರಿಪೆಟ್ಟಿಗೆ, ತೂಕದ ಕಲ್ಲುಗಳಿಂದ ಆದ ಅನಾಹುತ ಇದೇ. ಸಂದನ್ನು ಅಳೆದು, ಅದರ ಅರ್ಧದಷ್ಟೇ ತಲೆಯನ್ನು ಉಳಿಸಿಕೊಳ್ಳಬೇಕು. ಕಾಲಿನ ಉದ್ದವೂ ಹಾಗೆಯೇ. ತಟ್ಟೆಯ ದಪ್ಪಕ್ಕಿಂತ ಕಡಿಮೆಯಿರಬೇಕು. ಕಾಲು ನೆಲಕ್ಕೆ ಮುಟ್ಟಿದರೆ ಮೂಗು ಹಾಳೆಯನ್ನು ಅದುಮುವುದಿಲ್ಲ.

ಎರಡನೆಯದು ಬಾಗಿದ ಹಾಳೆಯನ್ನು ಮಲಗಿಸುವ ಬಗೆ. ಬಾಗಿದ ಹಾಳೆಯ ಬೆನ್ನು ಮೇಲಾಗುವಂತೆ, ಕಮಾನಿನ ಹಾಗೆ ಇಟ್ಟರೆ ಅಂಚುಗಳು ತಟ್ಟೆಗೆ ತಾಗಿರುತ್ತವೆ, ನಡು ಉಬ್ಬಿರುತ್ತದೆ. ಅಂಚಿನ ಗೂಟಗಳು ನಡುವಿಗೆ ಏನೂ ಮಾಡಲಾರವು. ಬೆನ್ನು ಕೆಳಗಾಗುವಂತೆ, ಮೊರದ ಹಾಗೆ ಇಟ್ಟರೆ ನಡು ತಟ್ಟೆಗೆ ತಾಗಿ, ಮೇಲೆದ್ದ ಅಂಚುಗಳನ್ನು ಗೂಟಗಳು ಅದುಮಿ ಸಮ ಮಾಡುತ್ತವೆ. ಹಾಳೆಗಳನ್ನು ಗೋಡೆಗೆ ಒರಗಿಸಿಡದೆ ಮಟ್ಟವಾದ ಸ್ಥಳದಲ್ಲಿ ಮಲಗಿಸಿ ಮೇಲೆ ಭಾರ ಹೇರಿಟ್ಟರೆ ಬಾಗುವುದೇ ಕಡಿಮೆಯಾಗುತ್ತದೆ.

ಮೂರನೆಯದು ಗೂಟದ ವಸ್ತು. ಲೋಹದ ಗೂಟ ಗಟ್ಟಿಯೆಂದು ತೋರುತ್ತದೆ. ಆದರೆ ಕಿರಣವು ಹೊಳೆಯುವ ಲೋಹಕ್ಕೆ ಬಿದ್ದರೆ ಎತ್ತೆತ್ತಲೋ ಪ್ರತಿಫಲಿಸಿ ಕಣ್ಣಿಗೆ ಅಪಾಯವಾದೀತು. ಯಂತ್ರದ ತಲೆ ಬಡಿದರೆ ಮುರಿಯುವುದು ಗೂಟವಲ್ಲ, ಯಂತ್ರ. ಮರದ ಗೂಟಕ್ಕೆ ಕಿರಣ ಬಿದ್ದರೆ ಗೂಟವೊಂದು ಸುಡುತ್ತದೆ, ಅಷ್ಟೇ. ಅದನ್ನು ಚೂರು ಮರದಿಂದ ಮತ್ತೆ ಮಾಡಿಕೊಳ್ಳಬಹುದು. ತಾನು ಸುಟ್ಟು ಬೆಲೆಯುಳ್ಳದ್ದನ್ನು ಉಳಿಸುವುದೇ ಅದರ ಧರ್ಮ. ಕೆಲವರು ಬಲವಾದ ಪುಟ್ಟ ಆಯಸ್ಕಾಂತಗಳನ್ನು ಬಳಸುತ್ತಾರೆ. ತಟ್ಟೆ ಉಕ್ಕಿನದಾದರೆ ಮಾತ್ರ ಅವು ಹಿಡಿಯುತ್ತವೆ, ಅಲ್ಯೂಮಿನಿಯಮ್ ಆದರೆ ಇಲ್ಲ. ಮಕ್ಕಳಿರುವ ಮನೆಯಲ್ಲಿ ಅವನ್ನು ಇಡದಿರುವುದೇ ಲೇಸು. ಎರಡು ಆಯಸ್ಕಾಂತಗಳನ್ನು ಮಗು ನುಂಗಿದರೆ ಅವು ಕರುಳಿನೊಳಗೆ ಪರಸ್ಪರ ಅಂಟಿಕೊಂಡು ಪ್ರಾಣಕ್ಕೇ ಕುತ್ತು ತರಬಲ್ಲವು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರೂ ಅವುಗಳಿಂದ ದೂರವಿರಬೇಕು.

ನಾಲ್ಕನೆಯದು ಕೊಯ್ಯುವ ಕ್ರಮ. ಹಾಳೆಯನ್ನು ಎಷ್ಟೇ ಬಿಗಿಯಾಗಿ ಹಿಡಿದರೂ ತುಂಡು ಬಿಡಿಯಾದ ಕೂಡಲೇ ಅದಕ್ಕೆ ಹಿಡಿತವಿಲ್ಲ. ಆದ್ದರಿಂದ ಮೊದಲು ಒಳಗಿನ ಅಕ್ಷರ, ಹೂಬಳ್ಳಿ, ರಂಧ್ರಗಳನ್ನು ಕತ್ತರಿಸಿ, ಹೊರಗಿನ ಅಂಚನ್ನು ಕೊನೆಗೆ ಕತ್ತರಿಸಬೇಕು. ಬಿಡಿಯಾದ ಸಣ್ಣ ತುಂಡು ಓರೆಯಾಗಿ ನಿಂತು ಯಂತ್ರದ ತಲೆಗೆ ತಾಗುವ ಭಯವಿದ್ದರೆ, ಅಂಚಿನಲ್ಲಿ ಎರಡು ಕಡೆ ಎಳೆಯಷ್ಟು ಕೊಂಡಿಯನ್ನು ಕತ್ತರಿಸದೆ ಬಿಟ್ಟು, ಆಮೇಲೆ ಕೈಯಿಂದ ಮುರಿದುಕೊಳ್ಳಬೇಕು. ಕತ್ತರಿಸುವ ಮುನ್ನ ಕಿರಣವನ್ನು ಆರಿಸಿ ಅಥವಾ ಅತಿ ಮಂದವಾಗಿಟ್ಟು, ಯಂತ್ರದ ತಲೆಯನ್ನು ಚಿತ್ರದ ಸುತ್ತ ಒಮ್ಮೆ ಓಡಿಸಿ ನೋಡಬೇಕು. ಗೂಟಗಳು ದಾರಿಗೆ ಅಡ್ಡ ಬಂದಿದ್ದರೆ ಆಗಲೇ ತಿಳಿಯುತ್ತದೆ.

ಬದಿಯ ಮೂರು ಗೂಟಗಳನ್ನು ಒಮ್ಮೆ ಸ್ಥಿರವಾಗಿ ನಿಲ್ಲಿಸಿದ ಮೇಲೆ ಇನ್ನೊಂದು ಲಾಭವೂ ದೊರೆಯಿತು. ಪ್ರತಿ ಹಾಳೆಯೂ ಕೂದಲೆಳೆ ತಪ್ಪದೆ ಅದೇ ಜಾಗಕ್ಕೆ ಬಂದು ಕೂರತೊಡಗಿತು. ಮೊದಲು ಪ್ರತಿಯೊಂದಕ್ಕೂ ಅಳತೆ ಹಿಡಿದು ಹೊಂದಿಸುತ್ತಿದ್ದ ಸಮಯ ಉಳಿಯಿತು. ಉಳಿದ ಹಲಗೆಗಳಲ್ಲಿ ಹಾಳಾದದ್ದು ಮೂರೇ. ಗೃಹಪ್ರವೇಶಕ್ಕೆ ಎರಡು ದಿನ ಮುಂಚೆ 80 ಹಲಗೆಗಳೂ ತಲುಪಿದವು. ಸಂಘದ ಕಂತೂ ಹೊತ್ತಿಗೆ ಸರಿಯಾಗಿ ಸಂದಿತು.

ಮನೆಯವರು ತಿಳಿಯಬೇಕಾದುದು

ಯಂತ್ರ ಕೊಳ್ಳಬೇಕೆಂದಿರುವ ಮನೆಗಳವರು ಕೆಲವು ಮಾತುಗಳನ್ನು ಮನಸ್ಸಿನಲ್ಲಿಡಬೇಕು. ಇದು ಬೆಂಕಿಯ ಯಂತ್ರ. ಅದು ಉರಿಯುತ್ತಿರುವಾಗ ಒಲೆಯ ಮೇಲೆ ಹಾಲಿಟ್ಟು ಹೋಗುವಂತೆ ಎದ್ದು ಹೋಗಬಾರದು. ಪಕ್ಕದಲ್ಲಿ ಒದ್ದೆ ಬಟ್ಟೆಯೂ ಬೆಂಕಿ ಆರಿಸುವ ಸಿಲಿಂಡರೂ ಇರಬೇಕು. ಯಂತ್ರದೊಡನೆ ಬರುವ ಕನ್ನಡಕ ಆ ಕಿರಣದ ಬಣ್ಣಕ್ಕೇ ಹೊಂದಿದ್ದೆಂದು ಖಚಿತಪಡಿಸಿಕೊಳ್ಳಬೇಕು. ಬಿಸಿಲಿನ ಕಪ್ಪು ಕನ್ನಡಕ ಇದಕ್ಕೆ ಆಗದು. ನೋಡುತ್ತ ನಿಲ್ಲುವ ಮಕ್ಕಳಿಗೂ ಅದೇ ನಿಯಮ. ಹೊಗೆಯನ್ನು ಕಿಟಕಿಯಿಂದಾಚೆಗೆ ಸೆಳೆಯುವ ಪಂಖ ಬೇಕು. ಮುಚ್ಚಿದ ಕೋಣೆಯಲ್ಲಿ, ಅದರಲ್ಲೂ ಅಡಿಗೆಮನೆ ಮತ್ತು ದೇವರಕೋಣೆಗಳ ಪಕ್ಕದಲ್ಲಿ ಬೇಡ. ಪಿವಿಸಿ ಹಾಳೆ ಮತ್ತು ರೆಕ್ಸಿನ್‌ಗಳನ್ನು ಎಂದೂ ಕತ್ತರಿಸಬಾರದು. ಅವುಗಳಿಂದ ಹೊರಡುವ ಹೈಡ್ರೋಜನ್ ಕ್ಲೋರೈಡ್ ಅನಿಲ ಎದೆಯನ್ನೂ ಸುಡುತ್ತದೆ, ಯಂತ್ರದ ಕಬ್ಬಿಣವನ್ನೂ ತುಕ್ಕು ಹಿಡಿಸುತ್ತದೆ.

ಹಣದ ಮಾತನ್ನೂ ಹೇಳಬೇಕು. ಯಂತ್ರದ ಬೆಲೆಯನ್ನು ಮಾತ್ರ ಲೆಕ್ಕ ಹಾಕಿ ಸಾಲ ಮಾಡಬಾರದು. ಕಲಿಯುವಾಗ ಹಾಳಾಗುವ ಮರ, ಪಂಖ, ಕನ್ನಡಕ, ಅಳತೆಯ ಉಪಕರಣ ಇವೆಲ್ಲವೂ ಬಂಡವಾಳವೇ. ಮೊದಲ ಮೂರು ತಿಂಗಳು ಹೊರಗಿನ ದೊಡ್ಡ ಕೆಲಸವನ್ನು ಒಪ್ಪಿಕೊಳ್ಳದೆ, ಚೂರು ಮರದಲ್ಲಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಹಿಡಿಕೆಯ ಗೂಟಗಳನ್ನು ಮಾಡುವುದೇ ಅದಕ್ಕೆ ಅತ್ಯುತ್ತಮ ಅಭ್ಯಾಸ. ಅವು ಚಿಕ್ಕವು, ಮರ ಹೆಚ್ಚು ಬೇಡುವುದಿಲ್ಲ. ಅಳತೆ, ಕೊಯ್ತದ ಅಗಲ, ಮರದ ಎಳೆ, ಬಿಗಿ ಎಲ್ಲವನ್ನೂ ಒಟ್ಟಿಗೆ ಕಲಿಸುತ್ತವೆ. ತಪ್ಪಾದರೆ ನಷ್ಟವಾಗುವುದು ಒಂದು ಬೆರಳಿನಷ್ಟು ಚೂರು.

ಕೊನೆಗೆ ಒಂದು ವಿನಂತಿ. ಹರಿಹರ, ದಾವಣಗೆರೆಗಳಲ್ಲಿ ಯಂತ್ರದ ಕೆಲಸ ಬಲ್ಲ ಹಿರಿಯರು ಇನ್ನೂ ಅನೇಕರಿದ್ದಾರೆ. ಲೇತ್ ಹಿಡಿದವರು, ಎರಕ ಹೊಯ್ದವರು, ಗಿರಣಿಯ ಮಗ್ಗಗಳನ್ನು ರಿಪೇರಿ ಮಾಡಿದವರು. ಕಾರ್ಖಾನೆ ನಿಂತಾಗ ಮೂವತ್ತು ನಲವತ್ತರ ಪ್ರಾಯದಲ್ಲಿದ್ದವರಿಗೂ ಈಗ ವಯಸ್ಸಾಯಿತು. ಅವರಲ್ಲಿ ಬಹುಮಂದಿ ತಮ್ಮ ವಿದ್ಯೆ ಹಳೆಯದಾಯಿತೆಂದೂ ಕಂಪ್ಯೂಟರಿನ ಈ ಕಾಲದಲ್ಲಿ ಅದು ಯಾರಿಗೂ ಬೇಡವೆಂದೂ ನಂಬಿ ಸುಮ್ಮನೆ ಕುಳಿತಿದ್ದಾರೆ. ಆ ನಂಬಿಕೆ ಸರಿಯಲ್ಲವೆಂಬುದಕ್ಕೆ ನಾವು ಕಂಡ ಮನೆಯೇ ಸಾಕ್ಷಿ. ಕಿರಣ ಹೊಸದು, ಹಿಡಿತ ಹಳೆಯದು. ಎರಕದ ಕಬ್ಬಿಣವನ್ನು ಹಿಡಿದ ತತ್ತ್ವವೇ ಇಂದು ಪ್ಲೈವುಡ್ ಹಾಳೆಯನ್ನೂ ಹಿಡಿಯುತ್ತಿದೆ.

ಈಗ ಹರಿಹರದ ಆ ದೊಡ್ಡಪ್ಪನವರು ಹದಿನೈದು ದಿನಕ್ಕೊಮ್ಮೆ ದಾವಣಗೆರೆಗೆ ಬರುತ್ತಾರೆ. ಹಳೆಯ ಹಿಡಿಕೆಗಳ ಚಿತ್ರಗಳಿರುವ ತಮ್ಮ ನೋಟುಪುಸ್ತಕವನ್ನೂ ತರುತ್ತಾರೆ. ಪಕ್ಕದ ಬೀದಿಯ ಇಬ್ಬರು ಹುಡುಗರೂ ಬಂದು ಕೂರುತ್ತಾರಂತೆ. ನಿಮ್ಮ ಮನೆಯಲ್ಲಿ, ನಿಮ್ಮ ನೆಂಟರಲ್ಲಿ, ನಿಮ್ಮ ಬೀದಿಯಲ್ಲಿ ಇಂಥ ಹಿರಿಯರು ಇದ್ದರೆ ಈ ತಿಂಗಳು ತಪ್ಪದೆ ಒಮ್ಮೆ ಅವರ ಬಳಿ ಕುಳಿತುಕೊಳ್ಳಿ. ಮಕ್ಕಳನ್ನೂ ಕರೆದೊಯ್ಯಿರಿ. ಯಂತ್ರ ಕೊಡಿಸಬೇಕೆ ಬೇಡವೆ ಎಂಬ ಪ್ರಶ್ನೆಯನ್ನು ಅಂಗಡಿಯವರನ್ನು ಕೇಳುವ ಮುನ್ನ ಅವರನ್ನು ಕೇಳಿರಿ. ಕಲಿಸಲು ಒಬ್ಬರಿದ್ದರೆ ಯಂತ್ರ ಮನೆಗೆ ಬರಲಿ. ಇಲ್ಲವಾದರೆ ಮೊದಲು ಕಲಿಸುವವರನ್ನು ಹುಡುಕಿರಿ.